ತಂಗಿಯ ಸೂಜಿ, ನನ್ನ ಇಸ್ತ್ರಿಪೆಟ್ಟಿಗೆ

ಲಾಂಡ್ರಿಗೆ ಬಂದ ಬಟ್ಟೆಗೆ ತೊಳೆಯುವ ಮುಂಚೆ ಗುರುತು ಹಾಕಬೇಕು. ಕಾಲರಿನ ಒಳಗೆ, ಪ್ಯಾಂಟಿನ ಸೊಂಟಪಟ್ಟಿಯಲ್ಲಿ, ಹೊದಿಕೆಯ ಮೂಲೆಯಲ್ಲಿ, ಯಾವ ಸೋಪಿಗೂ ಬಿಡದ ಕಪ್ಪು ಶಾಯಿಯಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮಲ್ಲಿ ಆ ಕೆಲಸ ನನ್ನ ತಂಗಿಯದು. ಬೇರೆ ಲಾಂಡ್ರಿಗಳಲ್ಲಿ ಅಡ್ಡಗೆರೆ, ಚುಕ್ಕೆ, ಅಂಕಿ ಹಾಕಿ ಮುಗಿಸುತ್ತಾರೆ. ಇವಳು ಅಕ್ಕಿಕಾಳಿನಷ್ಟು ಜಾಗದಲ್ಲಿ ಎಲೆ ಬರೆಯುತ್ತಿದ್ದಳು, ಮೀನು ಬರೆಯುತ್ತಿದ್ದಳು. ಯಾವಾಗಲೂ ಕೊಂಕು ತೆಗೆಯುವ ಉದ್ದಮೂಗಿನ ಗಿರಾಕಿಯೊಬ್ಬನ ಅಂಗಿಗಳಿಗೆಲ್ಲ ಗಿಳಿ ಬರೆದಿಟ್ಟಿದ್ದಳು. ಆತ ಎರಡು ವರ್ಷ ಕಾಲರಿನೊಳಗೆ ಗಿಳಿ ಹೊತ್ತು ಓಡಾಡಿದ, ಪಾಪ, ಗೊತ್ತೇ ಆಗಲಿಲ್ಲ. ಕೆಲಸದ ಹೆಂಗಸರೆಲ್ಲ ಅವಳನ್ನು ‘ಶಾಯಿ’ ಎಂದು ಕರೆಯುತ್ತಿದ್ದರು. ನನಗೆ ‘ಬಾಯ್ಲರ್’ ಎಂದು ಹೆಸರಿಟ್ಟಿದ್ದರು. ಅದನ್ನು ನನ್ನ ಮುಖಕ್ಕೇ ಹೇಳುವ ಧೈರ್ಯ ಶಾಯಿಗೆ ಮಾತ್ರ.

ಅಮ್ಮ ಅವಳನ್ನು ಹೆತ್ತು ಹೋದಳು. ಅಪ್ಪ ಹೋದಾಗ ಅವಳಿಗೆ ಎಂಟು, ನನಗೆ ಹತ್ತೊಂಬತ್ತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸೋಪಿನ ನೀರಿಗೆ ಕೈಹಾಕಿದವನು ನಾನು. ಲಾಂಡ್ರಿಯನ್ನೂ ಅವಳನ್ನೂ ನನ್ನ ತಲೆಗೆ ಕಟ್ಟಿ ಅಪ್ಪ ಹೋದ. ಮರುವರ್ಷ ನನ್ನ ಮದುವೆಯಾಯಿತು. ತಂಗಿಯನ್ನು ಸಾಕಿದ್ದು ನಾನೇ ಎಂದು ಹೋದಲ್ಲೆಲ್ಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಭಾನುವಾರ ಕೈಹಿಡಿದು ಚರ್ಚಿಗೆ ಕರೆದೊಯ್ದವಳು ನನ್ನ ಹೆಂಡತಿ. ಅತ್ತಿಗೆ ನಾದಿನಿ ಇಬ್ಬರೂ ಮುಂದಿನ ಬೆಂಚಿನಲ್ಲಿ ಕಣ್ಣುಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರೆ ನಾನು ಹಿಂದಿನ ಬೆಂಚಿನಲ್ಲಿ ಕಣ್ಣುಮುಚ್ಚಿ ನಿದ್ದೆ ಮಾಡುತ್ತಿದ್ದೆ.

ತಂಗಿಗೆ ಹದಿನಾರಾಗಿದ್ದಾಗ ಒಂದು ಸಂಗತಿ ನಡೆಯಿತು. ಹೋಟೆಲೊಂದರ ನೂರು ಮೇಜುಹೊದಿಕೆಗಳನ್ನು ಮಧ್ಯಾಹ್ನದೊಳಗೆ ಕೊಡಬೇಕಿತ್ತು. ಬೆಳಗಿನಿಂದ ನಿಂತೇ ಇದ್ದ ನನ್ನ ಹೆಂಡತಿ ಒಂದನ್ನು ಸುಟ್ಟಳು. ಬಿಳಿ ಬಟ್ಟೆಯ ನಡುವೆ ಕಂದು ಕಲೆ. “ಕಣ್ಣು ಎಲ್ಲಿಟ್ಕೊಂಡಿದ್ದೆ?” ಎಂದು ಕೂಗಿ ಅವಳ ಕೈಯಿಂದ ಇಸ್ತ್ರಿಪೆಟ್ಟಿಗೆ ಕಸಿದೆ. ಕಸಿಯುವಾಗ ಅದು ಅವಳ ಎಡಮೊಣಕೈ ಕೆಳಗೆ ತಾಗಿತು.

ಡಾಕ್ಟರು ಕೇಳಿದಾಗ “ಕೈ ಜಾರಿತು” ಎಂದಳು. ನಾನೂ ಹೂಂ ಎಂದೆ. ಗಾಯ ವಾಸಿಯಾದ ಮೇಲೆ ಇಸ್ತ್ರಿಪೆಟ್ಟಿಗೆಯ ಮೂಗು ಹಾಗೆಯೇ ಮೂಡಿತು. ತಳದಲ್ಲಿ ಹಬೆ ಬರುವ ತೂತುಗಳಿರುತ್ತವಲ್ಲ, ಆ ಜಾಗದಲ್ಲಿ ಮಾತ್ರ ಮೊದಲಿನ ಚರ್ಮ ಉಳಿದು ಏಳು ಚುಕ್ಕೆಗಳಾಗಿ ಕಾಣುತ್ತಿತ್ತು. ನಾನು ಕ್ಷಮೆ ಕೇಳಲಿಲ್ಲ. ಉದ್ದ ತೋಳಿನ ನಾಲ್ಕು ಅಂಗಿ ತಂದುಕೊಟ್ಟೆ. ಬಾಯ್ಲರಿನ ಪಕ್ಕ, ಬೆವರು ಕಿತ್ತುಬರುವ ಸೆಕೆಯಲ್ಲೂ, ಅವಳು ತೋಳು ಮಡಚದೆ ಕೆಲಸ ಮಾಡಿದಳು. ಗುರುತು ಹಾಕುವ ಮೇಜಿನಿಂದ ತಂಗಿ ಎಲ್ಲವನ್ನೂ ನೋಡಿದ್ದಳು.

ಶನಿವಾರಗಳಂದು ಚರ್ಚಿನವರ ಜೊತೆ ಆಸ್ಪತ್ರೆಗೆ ಹೋಗಿ ರೋಗಿಗಳ ಜೊತೆ ಕೂತು ಬರುವುದು ಅವಳ ರೂಢಿಯಾಯಿತು. ಅಲ್ಲಿ ಆಸ್ಪತ್ರೆಯ ಬಟ್ಟೆ ಹೊಲಿಯುವ, ಕುತ್ತಿಗೆ ಸುಟ್ಟುಕೊಂಡಿದ್ದ ಒಬ್ಬ ಹೆಂಗಸಿದ್ದಳು. ಗಾಯ ಮಾಗಿ ವರ್ಷವಾಗಿದ್ದರೂ ಸ್ಕಾರ್ಫ್ ಬಿಚ್ಚುತ್ತಿರಲಿಲ್ಲ. “ಚಿತ್ರ ಬರೀತೀಯಂತೆ, ಇದರ ಮೇಲೇನಾದ್ರೂ ಬರಿ ನೋಡೋಣ” ಎಂದಳಂತೆ ತಮಾಷೆಗೆ. ಶಾಯಿ ಪೆನ್ನು ತೆಗೆದು ಕಲೆಯ ಸುತ್ತ ಒಂದು ಬಳ್ಳಿ ಬರೆದಳು. ಆ ಹೆಂಗಸು ಅವತ್ತು ಸಂಜೆಯವರೆಗೂ ಸ್ಕಾರ್ಫಿಲ್ಲದೆ ವರಾಂಡದಲ್ಲಿ ಓಡಾಡಿದಳು. ಮರುದಿನ ಸ್ನಾನಕ್ಕೆ ಬಳ್ಳಿ ಹೋಯಿತು, ಸ್ಕಾರ್ಫ್ ಮತ್ತೆ ಬಂತು.

“ತೊಳೆದ್ರೆ ಹೋಗದ ಹಾಗೆ ಬರೆಯೋದು ಕಲೀಬೇಕು ಅಣ್ಣ. ಹಚ್ಚೆ ಹಾಕೋ ಕಡೆ ಕೆಲಸಕ್ಕೆ ಸೇರ್ತೀನಿ,” ಎಂದಳು ಒಂದು ದಿನ ಊಟಕ್ಕೆ ಕೂತಾಗ. ಆಗ ಅವಳಿಗೆ ಇಪ್ಪತ್ತೆರಡು.

“ದೇವರು ಕೊಟ್ಟ ಮೈ ಮೇಲೆ ಗೀಚೋದು ಪಾಪ. ಪಾದ್ರಿಗಳನ್ನ ಕೇಳು ಹೋಗು.”

“ಕೇಳ್ದೆ. ಒಂದು ವಾರ ಯೋಚನೆ ಮಾಡಿ ಹೇಳ್ತೀನಿ ಅಂದ್ರು.”

“ಏನಂದ್ರು ಆಮೇಲೆ?”

“‘ನನಗೂ ತಿಳೀಲಿಲ್ಲಮ್ಮ, ಪ್ರಾರ್ಥನೆ ಮಾಡಿ ಹೋಗು’ ಅಂದ್ರು.”

ನನ್ನ ಹೆಂಡತಿ ಫಕ್ಕನೆ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. “ಪಾದ್ರಿಗೆ ತಿಳೀದಿದ್ದು ನಿನಗೆ ತಿಳೀತಾ?”

ಅವಳು ತಟ್ಟೆ ನೋಡುತ್ತಲೇ ಹೇಳಿದಳು: “ಯೇಸು ಎದ್ದು ಬಂದಾಗ ಕೈಯಲ್ಲಿದ್ದ ಗಾಯ ಅಳಿಸ್ಕೊಂಡು ಬರಲಿಲ್ಲ ಅಣ್ಣ. ತೋರಿಸಿದ. ಮುಟ್ಟಿ ನೋಡಿ ಅಂದ. ನಾನು ಯಾರ ಕಲೇನೂ ಮುಚ್ಚಲ್ಲ. ಅದರ ಸುತ್ತ ಬರೀತೀನಿ, ಜನ ತೋರಿಸೋಕೆ ನಾಚ್ಕೋಬಾರ್ದು.”

ನನ್ನ ಕಣ್ಣು ಹೆಂಡತಿಯ ಎಡತೋಳಿನ ಮೇಲೆ ಹೋಯಿತು. ತಂಗಿಯ ಕಣ್ಣೂ ಅಲ್ಲೇ ಇತ್ತು. ತಟ್ಟೆ ಬಿಟ್ಟು ಎದ್ದೆ. ಮೇಜಿನ ಮೇಲಿದ್ದ ಅವಳ ಪೆನ್ನುಗಳನ್ನೆಲ್ಲ ಬಾಚಿ ಬಾಯ್ಲರಿನ ಒಲೆಗೆ ಹಾಕಿದೆ. “ಆ ಕೆಲಸಕ್ಕೆ ಹೋದ್ರೆ ಈ ಹೊಸ್ತಿಲು ತುಳೀಬೇಡ” ಎಂದೆ. ಪಾಪ, ಪುಣ್ಯ ಎಂದು ಗಂಟಲು ಹರಿಯುವಂತೆ ಕೂಗಿದ್ದು ದೇವರ ಮೇಲಿನ ಭಯಕ್ಕಲ್ಲ. ಇವಳು ಒಂದಲ್ಲ ಒಂದು ದಿನ ಬಾಯಿಬಿಡುತ್ತಾಳೆ ಎಂಬ ಭಯಕ್ಕೆ. ಇದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು.

ಅವಳು ಹೋದಳು. ಅಲ್ಲಿಂದ ಹನ್ನೊಂದು ವರ್ಷ ಮಾತಿಲ್ಲ. ಅವಳ ಸುದ್ದಿ ನನಗೆ ಸಿಗುತ್ತಿದ್ದದ್ದು ಬೀಗ ರಿಪೇರಿಯವನಿಂದ. ಅವಳು ಟ್ಯಾಟೂ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಕಸ ಗುಡಿಸಿ, ಕಿತ್ತಳೆ ಸಿಪ್ಪೆಯ ಮೇಲೆ ಸೂಜಿ ಆಡಿಸಿ ಕಲಿತು, ಕೊನೆಗೆ ಅವನ ಅಂಗಡಿಯ ಮೇಲಿನ ಕೋಣೆಯನ್ನೇ ಬಾಡಿಗೆಗೆ ಹಿಡಿದಿದ್ದಳು. ಅವನ ಅಂಗಿಗಳು ನಮ್ಮಲ್ಲಿಗೆ ಬರುತ್ತಿದ್ದವು. ನಾನು ಕೇಳುತ್ತಿರಲಿಲ್ಲ, ಅವನು ಬಿಡುತ್ತಿರಲಿಲ್ಲ.

“ನಿಮ್ಮ ತಂಗಿ ಹತ್ರ ವ್ಯಾಪಾರ ಹೇಗೆ ನಡೀಬೇಕು ಹೇಳಿ ಅಣ್ಣಾ. ಬಂದೋರನ್ನ ವಾಪಸ್ ಕಳಿಸೋದೇ ಕೆಲಸ. ಮೊದಲು ಪೆನ್ನಲ್ಲಿ ಬರೆದುಕೊಡ್ತಾರೆ. ಒಂದು ವಾರ ಇಟ್ಕೊಂಡು ನೋಡಿ, ಅಳಿಸಿಹೋದಾಗ ಬೇಜಾರಾದ್ರೆ ಬನ್ನಿ ಅಂತಾರೆ. ಹುಡುಗಿ ಹೆಸರು ಹಾಕಿ ಅಂತ ಬಂದವನಿಗೆ, ‘ಅವಳ ಅಮ್ಮನ ಒಪ್ಪಿಗೆ ತಗೊಂಡು ಬಾ’ ಅಂದ್ರಂತೆ. ಆಸಾಮಿ ಪತ್ತೆ ಇಲ್ಲ!”

ಗಾಯದ ಕಲೆ ತಂದವರಿಗೆ ಇನ್ನೊಂದು ನಿಯಮವಿತ್ತು. ಅದು ಹೇಗಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಆ ಕೋಣೆ ದಾಟಿ ಹೋಗುವುದಿಲ್ಲ. ಆಮೇಲೆ ಅವಳು ಒಂದು ನಿಮಿಷ ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿ ಸೂಜಿ ಎತ್ತುತ್ತಿದ್ದಳು. ಪ್ರಾರ್ಥನೆ ಬೇಡ ಎಂದವರಿಗೆ, “ನೀವು ಸುಮ್ನಿರಿ, ಇದು ನನ್ನ ಕೈ ನಡುಗದೆ ಇರ್ಲಿ ಅಂತ,” ಎನ್ನುತ್ತಿದ್ದಳಂತೆ.

ಹನ್ನೊಂದನೇ ವರ್ಷ, ಒಂದು ಬೆಳಿಗ್ಗೆ, ಕೊಳಾಯಿಯ ಹತ್ತಿರ ನನ್ನ ಹೆಂಡತಿ ತೋಳು ಮಡಚಿ ಮುಖ ತೊಳೆಯುತ್ತಿದ್ದಳು. ಕಲೆಯ ಸುತ್ತ ನೀಲಿ ಪೆನ್ನಿನ ಬಳ್ಳಿ. ಏಳು ಚುಕ್ಕೆಗಳಿಗೂ ಒಂದೊಂದು ಎಲೆ ತಾಗಿಕೊಂಡಿತ್ತು. ಆ ಎಲೆ ಯಾರದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಸಾವಿರ ಕಾಲರುಗಳ ಒಳಗೆ ನೋಡಿದ್ದೇನೆ.

“ರೀ, ನಿಲ್ರೀ, ನಾನೇ ಹೋಗಿದ್ದು, ಅವಳದೇನೂ ತಪ್ಪಿಲ್ಲ,” ಎಂದು ಹೆಂಡತಿ ಹಿಂದಿನಿಂದ ಕೂಗುತ್ತಿದ್ದರೂ ಕೇಳದೆ ಹೊರಟೆ. ಬೀಗದವನ ಅಂಗಡಿಯ ಮೇಲಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಕೋಣೆಯಲ್ಲಿ ಒಂದು ಒರಗುಕುರ್ಚಿ, ಬಾಗಿಸಿದ ದೀಪ, ಗೋಡೆಯ ಮೇಲೆ ಗೇಣುದ್ದದ ಮರದ ಶಿಲುಬೆ. ತಂಗಿ ಗ್ಲೌಸ್ ಹಾಕಿಕೊಂಡು ಬೆರಳಗಲದ ಬಟ್ಟಲುಗಳಿಗೆ ಬಣ್ಣ ಹಾಕುತ್ತಿದ್ದಳು. ಕಿವಿಯ ಹತ್ತಿರ ಎರಡು ಬಿಳಿ ಕೂದಲು ಬಂದಿದ್ದವು.

“ಬಾ ಬಾಯ್ಲರ್. ಕೂತ್ಕೋ.”

“ಕೂರೋಕೆ ಬಂದಿಲ್ಲ. ನನ್ನ ಹೆಂಡತಿ ಕೈ ಮೇಲೆ ಗೀಚು ಅಂತ ನಿನಗೆ ಯಾರು ಹೇಳಿದ್ದು?”

“ಅತ್ತಿಗೇನೇ. ಇದು ನಾಲ್ಕನೇ ಸಲ. ಪೆನ್ನಲ್ಲಿ ಬರೆದು ಕಳಿಸ್ತೀನಿ, ಹೋಗುತ್ತೆ, ಮತ್ತೆ ಬರ್ತಾರೆ. ಸೂಜಿ ಇಡೋಕೆ ಮಾತ್ರ ಆಗ್ತಿಲ್ಲ.”

“ಯಾಕೆ?”

“ಹೇಗಾಯ್ತು ಅಂದ್ರೆ ಕೈ ಜಾರಿತು ಅಂತಾರೆ. ಈ ಕುರ್ಚೀಲಿ ಕುಡುಕರು ನಿಜ ಹೇಳಿದಾರೆ, ಜೈಲಿಂದ ಬಂದೋರು ನಿಜ ಹೇಳಿದಾರೆ. ಅತ್ತಿಗೆ ಒಬ್ರೇ ಸುಳ್ಳು ಹೇಳೋದು. ಯಾರಿಗೋಸ್ಕರ ಅಂತ ನಿನಗೇ ಗೊತ್ತು.” ಗ್ಲೌಸ್ ಬಿಚ್ಚಿ ನನ್ನ ಎದುರು ನಿಂತಳು. “ಅವರ ಬದಲು ನೀನು ಹೇಳಿದ್ರೂ ಸಾಕು ಅಣ್ಣ. ನಾಳೆ ಬೆಳಿಗ್ಗೇನೇ ಶುರು ಮಾಡ್ತೀನಿ.”

ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ. ಅವಳ ಕೈ ಆಗ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ನಾನು ಮಾಡಿದ್ದೇನೆಂದರೆ, ಕಾಲಿಗೆ ಅಡ್ಡವಾಗಿದ್ದ ಸ್ಟೂಲನ್ನು ಒದ್ದೆ. ಬಟ್ಟಲುಗಳು ಉರುಳಿ ನೆಲವೆಲ್ಲ ಬಣ್ಣವಾಯಿತು. “ನೀನೂ ನಿನ್ನ ನಿಯಮಾನೂ!” ಎಂದು ಇಳಿದುಬಂದೆ. ಮನೆಯಲ್ಲಿ ಹೆಂಡತಿ ಆಗಲೇ ಬಟ್ಟೆ ಸೋಪಿನಿಂದ ಕೈ ಉಜ್ಜಿಕೊಂಡಿದ್ದಳು. ಬಳ್ಳಿ ಇರಲಿಲ್ಲ, ಸುತ್ತ ಕೆಂಪಾಗಿತ್ತು. ಆಮೇಲೆ ಅವಳು ಅತ್ತ ಹೋಗಲಿಲ್ಲ. ಮನೆಯಲ್ಲಿ ನಗುವುದನ್ನೂ ಕಡಿಮೆ ಮಾಡಿದಳು.

ಮೂರು ವರ್ಷ ಕಳೆಯಿತು. ಒಂದು ದಿನ ಬೀಗದವ ಅಂಗಿ ತಗೊಳ್ಳಲು ಬಂದವನು ಎಂದಿನಂತೆ ಹರಟಲಿಲ್ಲ. ಅಂಗಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ನಿಂತೇ ಇದ್ದ.

“ಏನಯ್ಯಾ?” ಎಂದೆ.

“ನಿಮ್ಮ ತಂಗಿ ಕೋಣೆ ಖಾಲಿ ಮಾಡ್ತಿದಾರೆ ಅಣ್ಣಾ. ಕೈ ನಡುಕ. ನರದ ಕಾಯಿಲೆ, ವಾಸಿಯಾಗೋದಲ್ಲ ಅಂದ್ರಂತೆ ಡಾಕ್ಟ್ರು. ಕಾಫಿ ಲೋಟಾನೂ ಎರಡೂ ಕೈಯಲ್ಲಿ ಹಿಡೀತಾರೆ.”

ಒಳಗೆ ಹೋಗಿ ಹೆಂಡತಿಗೆ “ಚಪ್ಪಲಿ ಹಾಕ್ಕೋ” ಎಂದೆ.

“ಎಲ್ಲಿಗೆ ರೀ?”

“ಶಾಯಿ ಹತ್ರ.”

ಅವಳು ನನ್ನ ಮುಖವನ್ನೇ ನೋಡಿ, ಚಪ್ಪಲಿ ಹಾಕಿಕೊಂಡು ಹೊರಟಳು.

ಕೋಣೆಯಲ್ಲಿ ಡಬ್ಬಗಳಿಗೆ ಸಾಮಾನು ತುಂಬಿಯಾಗಿತ್ತು. ಕುರ್ಚಿ ಇನ್ನೂ ಹೋಗಿರಲಿಲ್ಲ. ಹೆಂಡತಿಯನ್ನು ಅದರಲ್ಲಿ ಕೂರಿಸಿ, ನಾನೇ ಅವಳ ಎಡತೋಳು ಮಡಚಿದೆ. ಇಪ್ಪತ್ತು ವರ್ಷದಲ್ಲಿ ಆ ಕಲೆಯನ್ನು ಮುಟ್ಟಿದ್ದು ಅವತ್ತೇ ಮೊದಲು.

“ಹೇಗಾಯ್ತು ಅಂತ ಹೇಳ್ತೀನಿ ಕೇಳು,” ಎಂದೆ ತಂಗಿಗೆ. “ಮೇಜುಹೊದಿಕೆ ಸುಟ್ಟಿದ್ಲು. ಸಿಟ್ಟಲ್ಲಿ ಇಸ್ತ್ರಿಪೆಟ್ಟಿಗೆ ಕಸಿದೆ. ಕಸಿಯೋವಾಗ ತಾಗ್ತು.”

ತಂಗಿ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಒತ್ತಿ ಹಿಡಿದಿದ್ದಳು. ಆದರೂ ಅವು ನಡುಗುತ್ತಿದ್ದವು. “ನಾವು ಲಾಂಡ್ರಿ ಜನ ಅಣ್ಣ,” ಎಂದಳು ಮೆಲ್ಲಗೆ. “ಪೆಟ್ಟಿಗೆ ತಾಗಿ ಜಾರಿದ್ರೆ ಕಲೆ ಕಲಸಿಹೋಗುತ್ತೆ. ಇಲ್ಲಿ ಏಳು ಚುಕ್ಕೇನೂ ಎಣಿಸೋ ಹಾಗಿವೆ. ಇನ್ನೊಂದ್ಸಲ ಹೇಳು.”

ಈ ಬರಹದ ಮೊದಲಿಗೆ ಕಸಿದೆ, ತಾಗಿತು ಎಂದೇ ಬರೆದಿದ್ದೇನೆ. ಅಷ್ಟು ವರ್ಷ ಅದನ್ನೇ ನಂಬಿಕೊಂಡು ಬದುಕಿದ್ದೆ.

“ಕಸಿದೆ,” ಎಂದೆ. “ಆಮೇಲೆ ಒತ್ತಿದೆ. ‘ಸುಟ್ರೆ ಹೇಗಿರುತ್ತೆ ಗೊತ್ತಾಗಲಿ’ ಅಂತ ಒತ್ತಿದೆ.”

ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳಲಿಲ್ಲ. “ಅಬ್ಬ, ಸಾಕಾಗಿತ್ತು ಕಣೇ ಶಾಯಿ,” ಎಂದಳು. ನನಗಲ್ಲ, ಅವಳಿಗೆ.

“ಈಗ ಬರಿ,” ಎಂದೆ ತಂಗಿಗೆ, ಪೆದ್ದನ ಹಾಗೆ.

ಅವಳು ಎರಡೂ ಕೈ ಎತ್ತಿ ದೀಪದ ಬೆಳಕಿನಲ್ಲಿ ಹಿಡಿದಳು. ಗಾಳಿಗೆ ಒಣಗಹಾಕಿದ ಕರ್ಚೀಫಿನ ಹಾಗೆ ಅಲುಗುತ್ತಿದ್ದವು. “ಇದರಲ್ಲಿ ಸೂಜಿ ಹಿಡಿಯೋದಾ ಅಣ್ಣ? ನಾನೂ ತಪ್ಪು ಮಾಡ್ದೆ. ಆ ನಿಯಮ ಬೇರೆಯವರಿಗೆಲ್ಲ ಅವರ ಒಳ್ಳೇದಕ್ಕೆ ಇಟ್ಟಿದ್ದು. ಅತ್ತಿಗೆ ವಿಷಯದಲ್ಲಿ ಮಾತ್ರ ನಿನ್ನ ಬಾಯಿ ಬಿಡಿಸೋಕೆ ಹಿಡ್ಕೊಂಡು ಕೂತೆ. ದೇವರ ಕೆಲಸ ಅಂತ ಅಂದ್ಕೊಂಡೆ. ನಮ್ಮಿಬ್ಬರ ಹಟಕ್ಕೆ ಅವರು ಉದ್ದ ತೋಳು ಹಾಕ್ಕೊಂಡು ಬೆವರಿದ್ರು.”

ಬೇರೆಯವರ ಹತ್ತಿರ ಹಾಕಿಸೋಣ ಎಂದೆ. “ಬೇಡ. ಅವಳ ಕೈಯಿಂದ್ಲೇ ಹಾಕಿಸ್ಕೋಬೇಕು ಅಂತ ಇದ್ದೆ,” ಎಂದು ಹೆಂಡತಿ ಮಡಚಿದ್ದ ಅಂಗಿಯ ತೋಳನ್ನು ಇಳಿಸಲು ಹೋದಳು. ಇಳಿಸಲಿಲ್ಲ.

ಈಗ ತಂಗಿ ನಮ್ಮ ಮನೆಯಲ್ಲೇ ಇದ್ದಾಳೆ. ಭಾನುವಾರ ಚರ್ಚಿನಿಂದ ಬಂದ ಮೇಲೆ ಅತ್ತಿಗೆಯ ಕೈಯನ್ನು ಮೇಜಿನ ಮೇಲಿಟ್ಟುಕೊಂಡು, ಪೆನ್ನು ಹಿಡಿದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಒತ್ತಿಹಿಡಿದು ಬಳ್ಳಿ ಬರೆಯುತ್ತಾಳೆ. ಗೆರೆ ಅಂಕುಡೊಂಕು. ಒಂದೆಲೆ ಬರೆಯಲು ಹತ್ತು ನಿಮಿಷ. “ಏನೇ ಇದು, ಎಲೆಗೆ ಹುಳ ಹಿಡಿದಿದೆ,” ಎಂದು ಹೆಂಡತಿ ಛೇಡಿಸುತ್ತಾಳೆ. ನಾನು ಹಿಂದಿನ ಬೆಂಚಿನವನ ಹಾಗೆ ಬಾಗಿಲ ಹತ್ತಿರ ಕೂತು ನೋಡುತ್ತೇನೆ. ಸೋಪಿನ ನೀರಲ್ಲಿ ಕೆಲಸ ಮಾಡುವ ಕೈ, ಬುಧವಾರದ ಹೊತ್ತಿಗೆ ಎಲೆಯೆಲ್ಲ ಹೋಗಿರುತ್ತದೆ. ಏಳು ಚುಕ್ಕೆ ಇರುತ್ತವೆ.

ಹೆಂಡತಿ ಈಗ ಅಂಗಿಯ ತೋಳು ಮಡಚಿ ಕೆಲಸ ಮಾಡುತ್ತಾಳೆ. ಕಲೆಯ ಬಗ್ಗೆ ಯಾರಾದರೂ ಕೇಳಿದರೆ ನನ್ನ ಕಡೆ ನೋಡುತ್ತಾಳೆ. ಮೊನ್ನೆ ಹೊಸ ಗಿರಾಕಿಯೊಬ್ಬರು ಬಟ್ಟೆಯ ಗಂಟು ಬಿಚ್ಚುತ್ತಾ, “ಅಯ್ಯೋ, ಕೈಗೇನಾಯ್ತಮ್ಮ?” ಎಂದರು. ಅವಳು ನೋಡಿದಳು. “ನಾನು ಸುಟ್ಟಿದ್ದು ಸಾರ್,” ಎಂದೆ. ಅವರು ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಗಂಟನ್ನು ಮತ್ತೆ ಕಟ್ಟಿಕೊಂಡು ಬೇರೆ ಲಾಂಡ್ರಿಗೆ ಹೋದರು.