ಅವ್ವ ಚಂಚಿ ಬಿಚ್ಚಿದ ದಿನ

ನಾಟಿ ಔಷಧದ ಹೆಸರಿನಲ್ಲಿ ನಡೆಯುವ ಮೋಸದ ವಿರುದ್ಧ ನಾನು ಸಿಂಧನೂರು ತಾಲೂಕಿನ ಹಲವು ಊರುಗಳಲ್ಲಿ ಮಾತನಾಡಿದ್ದೇನೆ. ನಾನು ಶಾಲಾ ಶಿಕ್ಷಕಿ. ಭಾನುವಾರಗಳಂದು ಗೆಳತಿಯರೊಂದಿಗೆ ಹೋಗಿ, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತೇವೆಂಬ ಗೋಡೆಬರಹ ಏಕೆ ಸುಳ್ಳೆಂದು ಜನರ ಮುಂದೆ ನಿಂತು ವಿವರಿಸುತ್ತಿದ್ದೆ. ಆ ಮಾತುಗಳಲ್ಲಿ ಒಂದನ್ನೂ ಇಂದು ಹಿಂದಕ್ಕೆ ಪಡೆಯುವುದಿಲ್ಲ. ಆದರೆ ಅಂಥ ಪುಡಿಯಿಂದಾಗಿ ಕಾಲ್ಬೆರಳು ಕಳೆದುಕೊಳ್ಳುವ ಹಂತಕ್ಕೆ ಬಂದದ್ದು ನನ್ನ ಸ್ವಂತ ಅವ್ವ, ನನ್ನದೇ ಮನೆಯಲ್ಲಿ. ಅದರಲ್ಲಿ ನನ್ನ ಪಾಲೂ ಇತ್ತು.

ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಅವ್ವ ಸಿಂಧನೂರಿಗೆ ಬಂದು ನನ್ನೊಡನೆ ನೆಲೆಸಿದಳು. ಬರುವಾಗಲೇ ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಸಿಂಧನೂರಿನ ಒಬ್ಬ ಡಾಕ್ಟರರು ಎರಡು ಬಗೆಯ ಗುಳಿಗೆ ಬರೆದುಕೊಟ್ಟಿದ್ದರು. ಬಂದ ವರ್ಷವೇ ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಕಿರುಬೆರಳಿನಲ್ಲಿ ಹುಣ್ಣಾಯಿತು. ಅವಳಿಗೆ ನೋವೇ ತಿಳಿಯಲಿಲ್ಲ. ನಾವು ಕಾಣುವಷ್ಟರಲ್ಲಿ ಹುಣ್ಣು ಆಳಕ್ಕೆ ಇಳಿದಿತ್ತು. ಡಾಕ್ಟರರು ವಾರಕ್ಕೆರಡು ಸಲ ಹುಣ್ಣು ತೊಳೆದು ಪಟ್ಟಿ ಕಟ್ಟಿಸಿದರು, ಗುಳಿಗೆಯ ಪ್ರಮಾಣ ಏರಿಸಿದರು. ಆದರೂ ರಕ್ತದ ಸಕ್ಕರೆ ಇಳಿಯಲಿಲ್ಲ.

“ಹಿಂಗ ಇದ್ರ ಬೆರಳು ತೆಗಿಬೇಕಾಗತೈತಿ,” ಎಂದರು ನಾಲ್ಕನೆಯ ಭೇಟಿಯಲ್ಲಿ, ಕಂಪ್ಯೂಟರಿನಿಂದ ಮುಖ ಎತ್ತದೆ.

ಆ ಡಾಕ್ಟರರು ಕೆಟ್ಟವರಲ್ಲ. ಹೊರಗೆ ಬೆಂಚು ತುಂಬಿ, ಮೆಟ್ಟಿಲಿನ ಮೇಲೂ ರೋಗಿಗಳು ಕುಳಿತಿರುತ್ತಿದ್ದರು. ಒಬ್ಬ ಮನುಷ್ಯನ ಮುಂದೆ ಇಷ್ಟು ಜನರನ್ನು ಸಾಲು ನಿಲ್ಲಿಸಿ, ಅವನು ಪ್ರತಿಯೊಬ್ಬರ ಮುಖ ನೋಡಿ ಮಾತನಾಡಲಿ ಎಂದು ಬಯಸುವ ನಮ್ಮ ಆರೋಗ್ಯ ವ್ಯವಸ್ಥೆಯೇ ಅನ್ಯಾಯದ್ದು. ಅದನ್ನೂ ನಾನು ಭಾಷಣಗಳಲ್ಲಿ ಹೇಳುತ್ತಿದ್ದೆ.

ಮನೆಗೆ ಬಂದು ಅವ್ವನನ್ನು ಗದರಿದೆ. “ಅನ್ನ ಎರಡು ಸಲ ಹಾಕ್ಕೊಂತಿ, ಚಾದಾಗ ಸಕ್ಕರಿ ಬೇಕಂತಿ. ಗುಳಿಗಿ ತಾನ ಏನ್ ಮಾಡಬೇಕವ್ವಾ?”

ಅವ್ವ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: “ನೀ ಹೇಳಿದ ದವಾಖಾನಿಗೆ ನಾಕು ಸಲ ಬಂದೀನಿ. ನಾ ಹೇಳಿದಲ್ಲಿಗೆ ನೀ ಒಂದು ಸಲ ಬಾ. ಲಿಂಗಸುಗೂರಾಗ ಆಯುರ್ವೇದದ ಡಾಕ್ಟರಮ್ಮ ಬಂದಾಳಂತ. ಹಟ್ಟಿ ಕ್ವಾರ್ಟರ್ಸಿನ ಹೆಣ್ಮಕ್ಕಳೆಲ್ಲ ಅಲ್ಲೇ ಹೋಗಾಕತ್ಯಾರ.”

“ಅಕಿ ಏನ್ ಮಾಡ್ತಾಳ? ಬೇರು ಅರದು ಕುಡಸ್ತಾಳೇನು?”

“ಕುಡಸಿದ್ರ ಕುಡಿತೀನಿ. ನೀ ಕುಡಸಿದ್ದು ಕುಡದಿಲ್ಲೇನು?”

ಹೊರಟೆ. ಮನಸ್ಸಿನಲ್ಲಿ ಒಳ್ಳೆಯ ಉದ್ದೇಶವಿರಲಿಲ್ಲ. ಅವ್ವನ ಕಣ್ಣೆದುರೇ ಆ ವೈದ್ಯೆಯನ್ನು ಪ್ರಶ್ನಿಸಿ ಸೋಲಿಸಿದರೆ ಈ ಹುಚ್ಚು ಬಿಡುತ್ತದೆಂದು ಎಣಿಸಿದ್ದೆ. ಬಸ್ಸು ಮಸ್ಕಿ ದಾಟುವಾಗ ಅವ್ವ ಕಿಟಕಿಯಿಂದ ರಸ್ತೆಬದಿಯಲ್ಲಿ ಏನನ್ನೋ ಹುಡುಕಿ ನೋಡಿದಳು. ನಾನು ಕೇಳಲಿಲ್ಲ.

ಲಿಂಗಸುಗೂರಿನ ಆ ವೈದ್ಯೆ ನನಗಿಂತ ಚಿಕ್ಕವರು. ಚಿಕಿತ್ಸಾಲಯವೆಂದರೆ ಒಂದೇ ಕೋಣೆ: ಮೇಜು, ತೂಕದ ಯಂತ್ರ, ರಕ್ತದೊತ್ತಡ ನೋಡುವ ಪಟ್ಟಿ, ಗೋಡೆಗೆ ಔಷಧದ ಕಪಾಟು. ನಾನು ತಂದಿದ್ದ ರಕ್ತಪರೀಕ್ಷೆಯ ಕಾಗದಗಳನ್ನು ಮೊದಲು ಓದಿದರು. ಆಮೇಲೆ ಕುರ್ಚಿಯನ್ನು ಅವ್ವನ ಪಕ್ಕಕ್ಕೆ ಎಳೆದುಕೊಂಡು, ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ತಗ್ಗಿಸಿ ಕುಳಿತರು.

ಅವ್ವ ಉಸಿರು ಬಿಗಿಹಿಡಿದದ್ದು ನನಗೆ ಕಾಣಿಸಿತು. ಏಕೆಂದು ನನಗೆ ಗೊತ್ತಿತ್ತು. ಅವಳು ಹುಟ್ಟಿ ಬೆಳೆದ ಹಳ್ಳಿಯಲ್ಲಿ ನಾಡಿ ನೋಡುವುದರಲ್ಲಿ ಹೆಸರಾದ ವೈದ್ಯನೊಬ್ಬನಿದ್ದ. ಊರವರ ಕೈ ಹಿಡಿದು ನಾಡಿ ನೋಡುತ್ತಿದ್ದವನು ನಮ್ಮ ಕೇರಿಯವರನ್ನು ಅಂಗಳದಾಚೆ ನಿಲ್ಲಿಸಿ, ಎಲ್ಲಿ ನೋವೆಂದು ಕೂಗಿ ಕೇಳಿ, ಔಷಧದ ಪೊಟ್ಟಣವನ್ನು ಸೆರಗಿಗೆ ಮೇಲಿಂದ ಹಾಕುತ್ತಿದ್ದ. ಮುಟ್ಟಿ ತಿಳಿಯಬೇಕಾದ ವಿದ್ಯೆಯನ್ನು ಮುಟ್ಟದೆಯೇ ನಡೆಸಿದ ಆ ಕ್ರೌರ್ಯಕ್ಕೆ ಯಾವ ಪರಂಪರೆಯ ಹಿರಿಮೆಯೂ ಪರಿಹಾರವಾಗಲಾರದು. ನಮ್ಮ ಮನೆಯವರು ಬೌದ್ಧರಾದದ್ದರ ಹಿಂದೆ ಇಂಥ ಎಷ್ಟೋ ಅಂಗಳಗಳಿವೆ. ಆಯುರ್ವೇದವೆಂದರೆ ನನಗೆ ನೆನಪಾಗುತ್ತಿದ್ದದ್ದು ಮೇಲಿಂದ ಬೀಳುವ ಆ ಪೊಟ್ಟಣವೇ.

ವೈದ್ಯೆ ಕೈ ಬಿಡದೆಯೇ ಕೇಳತೊಡಗಿದರು. ಹಸಿವು ಹೇಗಿದೆ, ನಿದ್ದೆ ಎಷ್ಟು ಹೊತ್ತಿಗೆ, ಹೊಟ್ಟೆ ದಿನಾ ಸಾಫಾಗುತ್ತದೆಯೇ, ಬಾಯಾರಿಕೆ, ಮೊಣಕಾಲು, ಮನಸ್ಸಿಗೇನಾದರೂ ಹತ್ತಿದೆಯೇ. ವಾತ, ಪಿತ್ತ, ಕಫ ಎಂಬ ಮಾತು ನಡುವೆ ಒಂದೇ ಸಲ ಬಂತು. ಅವು ಮನುಷ್ಯನ ಪ್ರಕೃತಿಯನ್ನು ಗುರುತಿಸಲು ತಮ್ಮ ಶಾಸ್ತ್ರ ಬಳಸುವ ಹೆಸರುಗಳು, ರಕ್ತಪರೀಕ್ಷೆಗೆ ಬದಲಿಯಲ್ಲ ಎಂದು ನನ್ನ ಕಡೆ ತಿರುಗಿ ಹೇಳಿದರು. ಕೊನೆಗೆ ಕೇಳಿದರು:

“ಯವ್ವಾ, ಏನೇನು ಔಷಧ ತಗೋತೀರಿ? ಬಾಯಿಲೆ ಹೇಳಬ್ಯಾಡ್ರಿ, ತೋರಸ್ರಿ.”

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಸೊಂಟದಿಂದ ಚಂಚಿ ತೆಗೆದಳು. ನಮ್ಮ ಕಡೆಯ ಹೆಂಗಸರು ಎಲೆ-ಅಡಿಕೆಗೆಂದು ಹೊಲಿದುಕೊಳ್ಳುವ ನಾಲ್ಕೈದು ಪದರಿನ ಬಟ್ಟೆಚೀಲವದು. ಮಗಳಾದ ನಾನೂ ಅದರೊಳಗೆ ಕೈಹಾಕಿದವಳಲ್ಲ. ಒಂದು ಪದರಿನಿಂದ ಎಲೆ, ಇನ್ನೊಂದರಿಂದ ತಂಬಾಕು, ಮೂರನೆಯದರಿಂದ ಡಾಕ್ಟರರು ಕೊಟ್ಟ ಗುಳಿಗೆಯ ಪಟ್ಟಿಗಳು ಹೊರಬಂದವು. ಅವುಗಳಿಂದ ಒಂದು ಗುಳಿಗೆಯನ್ನೂ ಬಿಡಿಸಿರಲಿಲ್ಲ. ಕಟ್ಟಕಡೆಯ ಪದರಿನಿಂದ ಕಂದು ಪುಡಿಯ ಪ್ಲಾಸ್ಟಿಕ್ ಪೊಟ್ಟಣ ಬಂತು. ಅದರ ಮೇಲೆ ಹೆಸರಿಲ್ಲ, ವಿಳಾಸವಿಲ್ಲ.

“ಮಸ್ಕಿಗೆ ಮದುವಿಗೆ ಹೋದಾಗ ರಸ್ತೆ ಮ್ಯಾಗ ಡೇರೆ ಹಾಕಿದ್ದ ಒಬ್ಬಾಂವ ಮೊಣಕಾಲು ಬ್ಯಾನಿ, ಸಕ್ಕರಿ ಎರಡೂ ಹೋಗತಾವ ಅಂತ ಕೊಟ್ನರೀ. ನಲವತ್ತೆಂಟು ದಿನ ಬ್ಯಾರೆ ಔಷಧ ಮುಟ್ಟಬಾರದು, ಮುಟ್ಟಿದ್ರ ಇದು ಕೆಡತೈತಿ ಅಂದ. ಔಷಧಕ್ಕ ಪಥ್ಯ ಇರತೈತಲ್ರೀ.”

“ಮೊಣಕಾಲು ಬ್ಯಾನಿ ಎಷ್ಟು ದಿನದಾಗ ಕಮ್ಮಿ ಆತು?”

“ಎರಡ ದಿನಕ್ಕ! ಓಡ್ಯಾಡಾಕತ್ತಿದ್ನಿ ನೋಡ್ರೀ.”

ವೈದ್ಯೆಯ ಮುಖ ಗಂಭೀರವಾಯಿತು. ಎರಡು ದಿನದಲ್ಲಿ ನೋವು ಮಾಯ ಮಾಡಿ, ಮುಖ ಊದಿಸಿ, ಸಕ್ಕರೆ ಏರಿಸುವ ಪುಡಿಯಲ್ಲಿ ಬೇರಿಗಿಂತ ಸ್ಟೀರಾಯ್ಡ್ ಇರುವ ಅನುಮಾನವೇ ಹೆಚ್ಚು ಎಂದರು. ಅವ್ವನ ಮುಖ ಊದಿದ್ದನ್ನು ನಾನು ಕಂಡಿದ್ದೆ. ಮೈ ತುಂಬಿಕೊಂಡಿದ್ದಾಳೆಂದು ಸಂತೋಷಪಟ್ಟಿದ್ದೆ.

“ನನಗ ಯಾಕ ಹೇಳಲಿಲ್ಲವ್ವಾ?” ಅಂದೆ.

“ಹೆಂಗ ಹೇಳಲಿ ಬೇ? ಊರೂರಿಗೆ ಹೋಗಿ ಪುಡಿ ತಿನ್ನೋರು ದಡ್ಡರು ಅಂತ ಮೈಕ್ ಹಿಡದು ಹೇಳಾಕಿ ನೀ. ಮನ್ಯಾಗೊಂದು ದಡ್ಡಿ ಐತಿ ಅಂತ ನಾ ಒಪ್ಪಲೇನು? ಆ ಡಾಕ್ಟರಗ ಹೇಳೋಣಂದ್ರ ಆತ ಕೇಳೇ ಇಲ್ಲ. ಈ ಡಾಕ್ಟರಮ್ಮ ಕೈ ಹಿಡಕೊಂಡು ಕೇಳಿದ್ಳು, ಹೇಳಿದ್ನಿ.”

ಮೋಸ ಮಾಡಿದವನನ್ನು ಬಯ್ಯುವ ಭರದಲ್ಲಿ, ಮೋಸಹೋದವರು ಬಾಯಿ ತೆರೆಯದಂತೆ ನಾನೇ ಮಾಡಿದ್ದೆ.

ವೈದ್ಯೆ ಕಪಾಟಿನತ್ತ ಹೋಗಲಿಲ್ಲ. ಒಂದು ಕಾಗದ ತೆಗೆದುಕೊಂಡು ಸಿಂಧನೂರಿನ ಡಾಕ್ಟರರಿಗೆ ಪತ್ರ ಬರೆದರು: ಗುಳಿಗೆಗಳನ್ನು ಈಕೆ ಸೇವಿಸಿಯೇ ಇಲ್ಲ, ಆದ್ದರಿಂದ ಏರಿಸಿದ ಪ್ರಮಾಣವನ್ನು ಮತ್ತೆ ಪರಿಶೀಲಿಸಬೇಕು, ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದು, ಅದನ್ನು ಬಿಡಿಸುವ ಕ್ರಮವನ್ನು ತಾವೇ ನಿರ್ಧರಿಸಬೇಕು. ಇಂಥದ್ದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಆದ್ದರಿಂದ ಇವತ್ತೇ ಹೋಗಿ ತೋರಿಸಿ ಎಂದು ನನಗೆ ಹೇಳಿದರು.

“ಹಂಗಾದ್ರ ನೀವು ಏನೂ ಕೊಡಂಗಿಲ್ಲೇನು?” ಅವ್ವನಿಗೆ ನಿರಾಸೆ.

“ಹುಣ್ಣು, ಸಕ್ಕರಿ ಅವರು ನೋಡ್ತಾರ. ನಿಮ್ಮ ಊಟ, ನಿದ್ದಿ, ಹೊಟ್ಟಿ ನಾ ನೋಡ್ತೀನಿ. ಇಬ್ಬರ ಕೆಲಸಾನೂ ಬೇಕು. ಇಬ್ಬರಿಗೂ ಗೊತ್ತಿಲ್ದಂಗ ಒಂದು ಎಲಿನೂ ಬಾಯಾಗ ಹಾಕಬ್ಯಾಡ್ರಿ. ಹಾಗಲಕಾಯಿ ರಸಾನೂ ಗುಳಿಗಿ ಕೂಡ ಬಿದ್ರ ಸಕ್ಕರಿ ಅತೀ ಇಳದು ತಲಿ ತಿರುಗಬಹುದು. ಮತ್ತ ತಂಬಾಕು ಬಿಡಬೇಕು, ಅದು ಹುಣ್ಣು ಮಾಯಾಕ ಬಿಡಂಗಿಲ್ಲ.”

“ಅದೊಂದು ಇರ್ಲಿ ಬಿಡ್ರೀ.”

“ಬೆರಳು ಇರಬೇಕೋ ತಂಬಾಕು ಇರಬೇಕೋ?”

ಅವ್ವ ತಂಬಾಕನ್ನು ಅವರತ್ತ ಸರಿಸಿದಳು. ಊಟದ ಮಾತು ಬಂತು. ಮಧ್ಯಾಹ್ನ ಜೋಳದ ರೊಟ್ಟಿ, ಹೆಸರುಬೇಳೆ, ಹೀರೇಕಾಯಿ. ರಾತ್ರಿಯ ಊಟ ಸಂಜೆಯೇ ಮುಗಿಯಬೇಕು. ಅನ್ನ ಒಂದೇ ಹೊತ್ತು, ಅದೂ ಹಿಡಿಯಷ್ಟು.

“ಕಾಲುವಿ ನೀರು ಬಂದು ಭತ್ತ ಬೆಳ್ಯಾಕತ್ತಿದ ಮ್ಯಾಲ ರೊಟ್ಟಿ ತಿನ್ನೋರು ಬಡವರು ಅಂತಾತಲ್ರೀ ನಮ್ಮ ಕಡಿ,” ಎಂದು ಅವ್ವ ನಕ್ಕಳು. ನಗೆಯ ಮಾತಾದರೂ ಸತ್ಯ. ಪಾಲಿಷ್ ಮಾಡಿದ ಅಕ್ಕಿಯನ್ನು ಅಂತಸ್ತಿನ ಗುರುತಾಗಿಸಿ, ಜೋಳವನ್ನು ನಾಚಿಕೆಯ ಧಾನ್ಯವಾಗಿಸಿದ ನಮ್ಮ ತಾಲೂಕಿನ ಹೆಮ್ಮೆ ಅವಳ ತಟ್ಟೆಗೂ ಬಂದಿತ್ತು. ಸಾಲುಮನೆಯ ನೆರೆಯವರ ಎದುರು ಜೋಳದ ಹಿಟ್ಟು ತರಲು ಸಂಕೋಚಪಟ್ಟವಳು ನಾನೇ.

ಹೊರಡುವಾಗ ವೈದ್ಯೆ ಇನ್ನೊಂದು ಕೆಲಸ ಹೇಳಿದರು. ಅವ್ವನ ಪಾದಕ್ಕೆ ಸ್ಪರ್ಶ ಕಡಿಮೆಯಾಗಿದೆ, ಆದ್ದರಿಂದ ದಿನಾ ಬೆಳಿಗ್ಗೆ ಬೇರೆಯವರು ಅಂಗಾಲು ನೋಡಬೇಕು.

ಅಂದೇ ಸಂಜೆ ಸಿಂಧನೂರಿನ ಡಾಕ್ಟರರ ಮುಂದೆ ಕುಳಿತೆವು. ಆಯುರ್ವೇದದವರ ಪತ್ರವೆಂದು ತಿಳಿದಾಗ ಅವರ ಹುಬ್ಬು ಏರಿತು. ಓದುತ್ತಾ ಹೋದಂತೆ ಇಳಿಯಿತು. ಅವರು ಕೇಳುವ ಮೊದಲೇ ಅವ್ವ ಚಂಚಿಯನ್ನು ಮೇಜಿನ ಮೇಲೆ ಬಿಚ್ಚಿದಳು.

“ಎಲ್ಲಾ ಇಲ್ಲೈತಿ ನೋಡ್ರೀ ಸಾಹೇಬರ. ಎಲಿ-ಅಡಿಕಿ ಅಷ್ಟ ನಂದು, ಉಳಿದದ್ದು ನೀವ ನೋಡ್ರಿ.”

ಡಾಕ್ಟರರು ನಕ್ಕರು. ಕಂಪ್ಯೂಟರ್ ಬಿಟ್ಟು ಕುರ್ಚಿ ತಿರುಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಪುಡಿಯನ್ನು ಹಂತಹಂತವಾಗಿ ಬಿಡಿಸುವ ಕ್ರಮ ಬರೆದರು. ಗುಳಿಗೆ ಕಡಿಮೆ ಪ್ರಮಾಣದಿಂದ ಮತ್ತೆ ಶುರುವಾಯಿತು, ಕೆಲವು ವಾರ ಇನ್ಸುಲಿನ್ ಕೂಡ ಬೇಕಾಯಿತು. ಲಿಂಗಸುಗೂರಿಗೂ ತಿಂಗಳಿಗೊಮ್ಮೆ ಹೋದೆವು. ಬೆರಳು ಉಳಿದದ್ದು ಯಾವುದರಿಂದ ಎಂದು ಕೇಳುವವರಿದ್ದಾರೆ. ಹುಣ್ಣು ಮಾಯಿಸಿದ್ದು ಪಟ್ಟಿ, ಗುಳಿಗೆ, ಇನ್ಸುಲಿನ್ ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ. ಅವುಗಳನ್ನು ಅವ್ವ ತೆಗೆದುಕೊಳ್ಳುವಂತೆ ಮಾಡಿದ್ದು ಮಣಿಕಟ್ಟಿನ ಮೇಲಿದ್ದ ಮೂರು ಬೆರಳು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಈಗಲೂ ಭಾನುವಾರ ಹಳ್ಳಿಗಳಿಗೆ ಹೋಗುತ್ತೇನೆ. ಮೈಕ್ ಒಯ್ಯುವುದಿಲ್ಲ. ಮೊನ್ನೆ ಸಾಲಗುಂದದಲ್ಲಿ ಹೆಂಗಸರ ನಡುವೆ ನೆಲದ ಮೇಲೆ ಕುಳಿತು, ಯಾರ ಚಂಚಿಯಲ್ಲಿ ಏನಿದೆಯೆಂದು ಕೇಳಿದೆ. ಮೂವರು ಬಿಚ್ಚಿದರು.

ಶಾಲೆಗಾಗಲಿ ಹಳ್ಳಿಗಾಗಲಿ ಹೊರಡುವ ಮುನ್ನ ಪ್ರತಿ ಬೆಳಿಗ್ಗೆ ಬಾಗಿಲ ಬೆಳಕಿಗೆ ಕುಳಿತು ಅವ್ವನ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಬಿರುಕು, ಬೊಕ್ಕೆ, ಕೆಂಪು ಏನಾದರೂ ಇದೆಯೇ ಎಂದು ಬೆರಳಿನ ಸಂದುಗಳಲ್ಲಿ ನೋಡುತ್ತೇನೆ. ಇಷ್ಟು ವರ್ಷ ಅವಳ ಅಂಗಾಲು ಹೇಗಿದೆಯೆಂದೇ ನನಗೆ ತಿಳಿದಿರಲಿಲ್ಲ. ಮದುವೆಗೆ ಮೊದಲು ತವರಿನಲ್ಲಿ ಭತ್ತದ ನಾಟಿಯ ಕೆಸರಿನಲ್ಲಿ ವರ್ಷಗಟ್ಟಲೆ ನಿಂತ ಪಾದ, ಹಿಮ್ಮಡಿಯ ತುಂಬ ಗೆರೆ.

“ಏನರ ಕಾಣತೈತೇನು?”

“ಏನಿಲ್ಲವ್ವಾ. ಚೊಲೋ ಐತಿ.”

“ಆ ಕಡಿ ಬೆರಳೂ ನೋಡು. ಗಡಿಬಿಡಿ ಮಾಡಬ್ಯಾಡ ಬೇ, ಬಸ್ ಇನ್ನೊಂದು ಬರತೈತಿ.”