ಬೆಳ್ಳಗಾಗದ ಗಾಜು

ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿಗಳಿಗೆ ಜೆಲ್ ಬಳಿಯುವ ವಿಭಾಗ ನಮ್ಮದು. ಅಲ್ಲಿನ ಮೇಲ್ವಿಚಾರಕರಿಗೆ ಯಂತ್ರಕ್ಕಿಂತ ಅಂಗೈ ಮೇಲೆ ನಂಬಿಕೆ. ಪ್ರತಿ ಬ್ಯಾಚಿನ ಜೆಲ್ ಬಳಿದ ಪುಟ್ಟ ಗಾಜಿನ ಬಿಲ್ಲೆಗೆ ಹುಳಿನೀರು ಸೋಕಿದರೆ ಲೇಪ ಕುಗ್ಗಬೇಕು, ಮೈಬಿಸಿ ಸೋಕಿದರೆ ಬೆಳ್ಳಗಾಗಬೇಕು. ಹೊಸಬರು ಯಾರೇ ಬರಲಿ, ಗಾಜನ್ನು ಅವರ ಕೈಲಿಟ್ಟು ಮುಷ್ಟಿ ಮುಚ್ಚಿಸುತ್ತಿದ್ದರು. ತೆರೆದಾಗ ಹಾಲಿನ ಬಣ್ಣ.

"ಜೆಲ್ ಸುಳ್ಳು ಹೇಳಲ್ಲ ಕಣಮ್ಮ," ಎನ್ನುತ್ತಿದ್ದರು.

ಹೆಂಡತಿಯ ತಿಥಿ ಮುಗಿಸಿ ಅವರು ಕೆಲಸಕ್ಕೆ ಬಂದ ಮೊದಲ ಬೆಳಗ್ಗೆ, ಪರೀಕ್ಷೆಗೆಂದು ಇಟ್ಟಿದ್ದ ಗಾಜನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ತೆರೆದರೆ ಅದು ನೀರಿನಂತೆ ತಿಳಿಯಾಗಿಯೇ ಇತ್ತು.

"ಈ ಬ್ಯಾಚ್ ಕೆಟ್ಟೋಗಿದೆ. ಎಲ್ಲಾ ತೆಗೆದ್ಬಿಡಿ."

ಹಿಂದಿನ ದಿನವಿಡೀ ನಾವೆಲ್ಲ ದುಡಿದ ಮಾಲು ಅದು. "ಒಂದ್ಸಲ ನನಗೆ ಕೊಡಿ ಸಾರ್," ಎಂದೆ. ಕೊಡುವಾಗ ತಾಗಿದ ಅವರ ಬೆರಳು ಬಾವಿನೀರಿನಷ್ಟು ತಣ್ಣಗಿತ್ತು. ನನ್ನ ಅಂಗೈಯಲ್ಲಿ ಗಾಜು ಕೂಡಲೇ ಬೆಳ್ಳಗಾಯಿತು.

ಅವರು ಗಾಜನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು.

"ಹೇಳಿರ್ಲಿಲ್ವೇನಮ್ಮ, ಅದು ಸುಳ್ಳು ಹೇಳಲ್ಲ ಅಂತ," ಎಂದು ಮೆಲ್ಲಗೆ ಹೇಳಿ, ರಿಜಿಸ್ಟರಿನಲ್ಲಿ 'ಪಾಸ್' ಎಂದು ಬರೆದರು.

ಮರುದಿನದಿಂದ ಗಾಜನ್ನು ನನ್ನ ಕೈಗೇ ಕೊಡುತ್ತಿದ್ದರು.