ಶಾಂತವ್ವನ ಮಾತು ಯಾರ ಹೆಸರಿಗೆ?

ಬೆಳಗಿನ ಚಹಾ ಆರಿ ಕೆನೆಗಟ್ಟಿತ್ತು. ನಾನು ಮಾತ್ರ ಬಾಗಲಕೋಟೆಯ ನನ್ನ ಕೋಣೆಯಲ್ಲಿ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಕೂತಿದ್ದೆ. ನೇಕಾರರಿಂದ ಕೇಳಿ ಬರೆದುಕೊಂಡ ಮಗ್ಗದ ಪದಗಳ ಕೋಶವೊಂದನ್ನು ಕಂಪ್ಯೂಟರಿನಲ್ಲಿ ಅಣಿಗೊಳಿಸುವುದು ನನ್ನ ಕೆಲಸ. ಎಕ್ಸ್‌ಎಮ್‌ಎಲ್ ಎಂಬ ಬಗೆಯ ಆ ಕಡತದಲ್ಲಿ ಪ್ರತಿ ಮಾತಿನ ಹಿಂದೊಂದು, ಮುಂದೊಂದು ಗುರುತು. ಗುರುತುಗಳೂ ನಡುವಿನ ಮಾತೂ ಸೇರಿ ಒಂದು ನೋಡ್. ಹೇಳಿದವರ ಹೆಸರು ಇರುವುದು ಗುರುತಿನಲ್ಲಿ. ಆಯ್ದುಕೊಂಡ ಮಾತನ್ನು ಒಂದೇ ಏಟಿಗೆ ಬೇಕಾದೆಡೆ ಸಾಗಿಸಲು ನಾನೊಂದು ಮ್ಯಾಕ್ರೋ, ಅಂದರೆ ಪುಟ್ಟ ಆದೇಶಗಳ ಸರಣಿ, ಬರೆದಿದ್ದೆ. ಅದು ಒಮ್ಮೆ ಗುರುತುಸಹಿತ ಒಯ್ಯುತ್ತಿತ್ತು, ಒಮ್ಮೆ ಹೆಸರನ್ನು ಹಿಂದೆಯೇ ಬಿಟ್ಟು ಬರಿಯ ಮಾತನ್ನು. ಏಕೆಂದು ಬಗೆಹರಿಯದಿದ್ದರೂ ಕರಡು ಮುದ್ರಿಸಿಕೊಂಡು ಇಳಕಲ್ಲಿನ ಬಸ್ಸು ಹತ್ತಿದೆನಲ್ಲ, ಅದು ನನ್ನ ತಪ್ಪು.

ಅಲ್ಲಿ ನೇಕಾರಗಿತ್ತಿ ಶಾಂತವ್ವನ ಮಗಳು ಕರಡನ್ನು ಗಟ್ಟಿಯಾಗಿ ಓದಿದಳು: "ಕೊಂಡಿ. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಕೂಡಿಸುವುದು. ಇದನ್ನು ನಮ್ಮಕ್ಕ ಕೈ ಹಿಡಿದು ಕಲಿಸಿದಳು." ಕೆಳಗಿದ್ದ ಹೆಸರು ಹುನಗುಂದದ ಇನ್ನೊಬ್ಬ ನೇಕಾರ ಮಕ್ತುಮಸಾಬರದು.

"ಮಕ್ತುಮಸಾಬ್ರಿಗೆ ನಮ್ಮಕ್ಕ ಯಾವಾಗ ಕಲಿಸಿದ್ಲ್ರಿ?" ಎಂದರು ಶಾಂತವ್ವ. ನಾನು ನಕ್ಕೆ. ಅವರು ನಗಲಿಲ್ಲ. "ಅಕಿ ತೀರಿ ಭಾಳ ದಿನ ಆತು. ಎಲ್ಲೂ ಅಕಿ ಸುದ್ದಿ ಇಲ್ಲ, ಇಲ್ಲ್ಯಾರ ಇರ್ಲಿ ಅಂತ ಹೇಳಿದ್ದೆ. ಅದನ್ನೂ ಬ್ಯಾರೇದವ್ರಿಗೆ ಕೊಟ್ರೇನು?"

"ಮಷಿನ್ ತಪ್ಪೈತ್ರಿ," ಎಂದೆ.

"ಮಷಿನ್‌ಗೆ ನೀವು ಏನಂತ ಹೇಳಿದ್ರಿ?"

ಅದೇ ನನಗೆ ಗೊತ್ತಿರಲಿಲ್ಲ, ಓದುಗ ಮಿತ್ರರೇ. ಮರಳುವ ಬಸ್ಸಿನುದ್ದಕ್ಕೂ ತಲೆ ಗೊಂದಲದ ಗೂಡು. ಮಾತನ್ನು ಆಯ್ದುಕೊಂಡೆನೆಂದರೆ ಏನನ್ನು ಆಯ್ದುಕೊಂಡಂತೆ? ಮಾತನ್ನೋ, ಆಡಿದವರನ್ನೂ ಕೂಡಿಯೋ? ಕೋಣೆಗೆ ಬಂದು ಪರೀಕ್ಷಿಸಿದೆ. ಮಾತಿನ ಮೇಲೆ ಒತ್ತಿದರೆ ಒಳಗಿನದಷ್ಟೇ ಸಿಗುತ್ತಿತ್ತು, ಗುರುತಿನ ಮೇಲೆ ಒತ್ತಿದರೆ ಇಡೀ ನೋಡ್, ಮೌಸ್ ಎಳೆದರೆ ಅರ್ಧಂಬರ್ಧ. ಮೂರನ್ನೂ ಮ್ಯಾಕ್ರೋ ಒಂದೇ ಎಂದು ನಂಬಿತ್ತು. ಈಗ ಹೇಗೇ ಆಯ್ದರೂ ಮೊದಲು ಇಡೀ ನೋಡನ್ನು ಹಿಡಿಯುವಂತೆ, ಎರಡು ನೋಡ್‌ಗಳು ಅರ್ಧರ್ಧ ಸಿಕ್ಕರೆ ಯಾವುದನ್ನೂ ಮುಟ್ಟದೆ ನಿಲ್ಲುವಂತೆ ತಿದ್ದಿದೆ.

ಎಲ್ಲ ಮಾತುಗಳೂ ತಂತಮ್ಮವರ ಬಳಿ ಸೇರಿದವು. ಶಾಂತವ್ವನದೂ ಸೇರಿತು. ಆದರೆ ಹೊಸ ಗೊಂದಲ: ಮಾತು ಶಾಂತವ್ವನದು, ವಿದ್ಯೆ ಅಕ್ಕ ನಾಗವ್ವನದು, ಗುರುತಿನಲ್ಲಿ ಜಾಗ ಒಂದೇ ಹೆಸರಿಗೆ. ಏನು ಮಾಡಬೇಕೆಂದು ತಿಳಿಯದೆ ಅವರಿಗೇ ಫೋನ್ ಮಾಡಿದೆ.

"ಯಾರ ಹೆಸರು ಹಾಕ್ಲಿ ಶಾಂತವ್ವಾರ?"

ಅತ್ತ ಮಗ್ಗದ ಸದ್ದು ನಿಂತಿತು.

"ಅಕೀದ ಹಾಕ್ರಿ," ಎಂದರು. "ಹೇಳಾಕ ನಾ ಇನ್ನೂ ಅದೀನಲ್ರಿ."